ಕಡೇ ಗಂಟೆಯ ಸವಾಲು

ತಾಪತ್ರಯವೆಲ್ಲ ಶುರುವಾದದ್ದು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಡ್ರೈವರನ ಪಕ್ಕ ಕೂತು ಬಂದ ಒಂದು ರಟ್ಟಿನ ಡಬ್ಬದಿಂದ.

ಡಬ್ಬದೊಳಗೆ ಕರೆಂಟಿನ ಗಂಟೆ ಇತ್ತು. ಹೊಂಡದಕೊಪ್ಪದ ಸರಕಾರಿ ಶಾಲೆಯಲ್ಲಿ ಓದಿ ಹುಬ್ಬಳ್ಳಿಯಲ್ಲಿ ಅಂಗಡಿ ಹಾಕಿಕೊಂಡ ಹಳೇ ವಿದ್ಯಾರ್ಥಿಯೊಬ್ಬ ಅದನ್ನು ಶಾಲೆಗೆ ಕಾಣಿಕೆಯಾಗಿ ಕಳಿಸಿದ್ದ. ಒಮ್ಮೆ ವೇಳೆ ತುಂಬಿಸಿಟ್ಟರೆ ಸಾಕು, ಪ್ರಾರ್ಥನೆಗೆ, ಊಟಕ್ಕೆ, ಶಾಲೆ ಬಿಡುವುದಕ್ಕೆ ಅದು ತಾನೇ ತಾನಾಗಿ ಹೊಡೆದುಕೊಳ್ಳುತ್ತದಂತೆ. ಊರಿಗೆ ಊರೇ ಸಂತೋಷಪಟ್ಟಿತು. ಟೇಲರ್ ಮಧುಕೇಶ್ವರ ಒಬ್ಬ ಮಾತ್ರ ಆ ಡಬ್ಬ ನೋಡಿ, ಮನೆಗೆ ಸವತಿ ಬಂದವಳ ಹಾಗೆ ಮುಖ ಸಣ್ಣದು ಮಾಡಿಕೊಂಡ.

ಹೊಸ ಗಂಟೆ ಬಂದರೆ ಹಳೇ ಗಂಟೆ ಹೋಗಬೇಕಲ್ಲ. ಹಳೇ ಗಂಟೆ ಎಂದರೆ ಗಂಟೆಯೂ ಅಲ್ಲ, ರೈಲು ಹಳಿಯ ಒಂದು ಮೊಳದ ತುಂಡು. ರೈಲೇ ಇಲ್ಲದ ಶಿರಸಿ ತಾಲೂಕಿಗೆ ಅದು ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲ. ರೈಲು ಬರುತ್ತದೆ, ಇಗೋ ಬಂತು ಎಂದು ಮೂರು ತಲೆಮಾರಿನಿಂದ ಕಾದ ಜನಕ್ಕೆ ಅಷ್ಟಾದರೂ ಬಂತಲ್ಲ ಎಂಬ ಸಮಾಧಾನದಲ್ಲಿ ಯಾರೋ ಅದನ್ನು ಶಾಲೆಯ ಜಗಲಿಯ ತೊಲೆಗೆ ತೂಗುಹಾಕಿದ್ದರು. ಪಕ್ಕದಲ್ಲಿ ಹುರಿಗೆ ಕಟ್ಟಿದ ಒಂದು ಮರದ ಕೊಡತಿ.

ಆ ಹಳಿಯ ಮೇಲೆ ಮಧುಕೇಶ್ವರನಿಗೆ ನಲವತ್ತು ವರ್ಷದ ಆಸೆ.

ಅವನ ಕಾಲದಲ್ಲಿ ಗಂಟೆ ಬಾರಿಸುವ ಭಾಗ್ಯ ಸಿಗುತ್ತಿದ್ದುದು ಹೊತ್ತಿಗೆ ಸರಿಯಾಗಿ ಬರುವ ಹುಡುಗನಿಗೆ. ಮಧುಕೇಶ್ವರ ಹೊತ್ತಿಗೆ ಸರಿಯಾಗಿ ಹುಟ್ಟಿದವನೂ ಅಲ್ಲ. ದಿನ ತುಂಬಿ ಎರಡು ವಾರ ಕಾಯಿಸಿಯೇ ಭೂಮಿಗೆ ಬಂದ ಎಂದು ಅವನ ಅವ್ವ ಹೇಳುತ್ತಿದ್ದಳು. ತಡವಾಗಿ ಬಂದವರನ್ನು ಮಾಸ್ತರು ಆ ಹಳಿಯ ಕೆಳಗೇ ನಿಲ್ಲಿಸುತ್ತಿದ್ದರು. ಹಾಗಾಗಿ ಊರಿನಲ್ಲಿ ಆ ಗಂಟೆಯ ಹತ್ತಿರ ಅವನಷ್ಟು ಹೊತ್ತು ನಿಂತವರು ಬೇರೆ ಯಾರೂ ಇರಲಿಲ್ಲ, ಅದನ್ನು ಮುಟ್ಟದೆ ಉಳಿದವನೂ ಅವನೊಬ್ಬನೇ. ಬಾರಿಸುತ್ತಿದ್ದವನು ಅವನ ಓರಗೆಯ ಚನ್ನಬಸವ. ಬೆಳಗಿನ ಗಂಟೆಯ ಮೇಲೆ ಮಧುಕೇಶ್ವರನಿಗೆ ಅಷ್ಟೇನೂ ಪ್ರೀತಿ ಇರಲಿಲ್ಲ. ಅವನ ಜೀವ ಇದ್ದುದು ನಾಲ್ಕೂ ಇಪ್ಪತ್ತರ ಉದ್ದ ಗಂಟೆಯ ಮೇಲೆ. ಚನ್ನಬಸವ ಕೊಡತಿ ಎತ್ತಿ ಢಣಢಣ ಎಂದು ಬಿಟ್ಟೂಬಿಡದೆ ಬಡಿದರೆ ಇಡೀ ಶಾಲೆ ಹೋ ಎಂದು ಎದ್ದು ಅಂಗಳಕ್ಕೆ ಬೀಳುತ್ತಿತ್ತು. ಒಬ್ಬ ಹುಡುಗ ಕೈ ಎತ್ತಿದರೆ ಇನ್ನೂರು ಹುಡುಗರಿಗೆ ಬಿಡುಗಡೆ! ಅದಕ್ಕಿಂತ ದೊಡ್ಡ ಅಧಿಕಾರ ಯಾವ ಮಂತ್ರಿಗೂ ಇಲ್ಲವೆಂದು ಅವನು ಆಗ ತಿಳಿದಿದ್ದ, ಈಗಲೂ ಹಾಗೇ ತಿಳಿದಿದ್ದ.

ಆರನೇ ಇಯತ್ತೆಯ ನಡುವೆಯೇ ಅಪ್ಪ ತೀರಿಕೊಂಡು, ಅವನು ಸೋದರಮಾವನ ಹೊಲಿಗೆ ಅಂಗಡಿಗೆ ಹೋಗಿ ಕೂತ. ಅಂಗಡಿ ಶಾಲೆಯ ಎದುರಿಗೇ. ಅಂದಿನಿಂದ ದಿನಾ ಸಂಜೆ ಉದ್ದ ಗಂಟೆ ಆಗುತ್ತಿತ್ತು, ಎಲ್ಲರನ್ನೂ ಬಿಡುತ್ತಿದ್ದರು, ಅವನನ್ನು ಬಿಡುತ್ತಿರಲಿಲ್ಲ. ಗಂಟೆ ಮುಗಿಯುವ ತನಕ ಮಷಿನ್ ನಿಲ್ಲಿಸಿ ಕೇಳುತ್ತಿದ್ದ, ಆಮೇಲೆ ಮತ್ತೆ ಪೆಡಲ್ ತುಳಿಯುತ್ತಿದ್ದ.

ಟೇಲರ್ ಆದ ಮೇಲೂ ತಡದ ಚಾಳಿ ಬಿಡಲಿಲ್ಲ. ದೀಪಾವಳಿಗೆ ಕೊಟ್ಟ ಬಟ್ಟೆ ಯುಗಾದಿಗೆ ಸಿಕ್ಕರೆ ಗಿರಾಕಿಯ ಪುಣ್ಯ. ಲಗ್ನಕ್ಕೆಂದು ಕೋಟು ಹೊಲಿಯಲು ಹಾಕಿದವನೊಬ್ಬ ಅದನ್ನು ಮಗನ ಜಾವಳಕ್ಕೆ ತೊಟ್ಟುಕೊಂಡಿದ್ದ. ಈ ಅಪವಾದ ಕಳೆಯಲೆಂದು ಮಧುಕೇಶ್ವರ ತನ್ನ ಕೈಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಟ್ಟುಕೊಂಡಿದ್ದ. ಮುಂದಿದೆ ಎಂದು ತನಗೇ ಗೊತ್ತಿದ್ದುದರಿಂದ ನೋಡಿದಾಗಲೆಲ್ಲ ಮನಸ್ಸಿನಲ್ಲೇ ಹತ್ತು ಕಳೆದು, ‘ಇನ್ನೂ ಹೊತ್ತು ಐತಿ’ ಎಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಹೀಗೆ ಗಡಿಯಾರ ಓಡುತ್ತಿತ್ತು, ಅವನು ಇದ್ದಲ್ಲೇ ಇದ್ದ.

ಇತ್ತ ಶಾಲೆಗೆ ಒಂದು ಕಷ್ಟ ಬಂದಿತ್ತು. ಇನ್ನೂರು ಇದ್ದ ಮಕ್ಕಳು ಮೂವತ್ತೊಂದಕ್ಕೆ ಇಳಿದಿದ್ದರು. ಶಿರಸಿಯ ಇಂಗ್ಲಿಷ್ ಶಾಲೆಯ ಬಸ್ಸು ಮನೆ ಬಾಗಿಲಿಗೇ ಬರುತ್ತದೆ. ಇಲ್ಲಿಗೆ ಬರಬೇಕೆಂದರೆ ಹೊಳೆಯಾಚೆಯ ಕೇರಿಯ ಮಕ್ಕಳು ಎರಡು ಮೈಲಿ ನಡೆಯಬೇಕು. ಒಂದು ಟೆಂಪೊ ಗೊತ್ತು ಮಾಡಿದರೆ ಶಾಲೆ ಉಳಿಯುತ್ತದೆ ಎಂದು ಊರವರೇ ಒಂದು ಬಳಗ ಕಟ್ಟಿಕೊಂಡರು. ಕಿರಾಣಿ ಅಂಗಡಿಯ ಬಸಪ್ಪ ಅಧ್ಯಕ್ಷ. ಮನೆಮನೆಗೆ ಹೋಗಿ ವಂತಿಗೆ ಎತ್ತಿದ್ದಾಯಿತು. ಉಳಿದದ್ದಕ್ಕೆ ಸವಾಲು.

ಸವಾಲು ಎಂದರೆ ಹರಾಜು, ನಮ್ಮ ಕಡೆ ಗೊತ್ತಿದ್ದದ್ದೇ. ಯಾರೋ ಒಂದು ಕುಂಬಳಕಾಯಿ ಕೊಡುತ್ತಾರೆ, ಯಾರೋ ಬಾಳೆಗೊನೆ. ನಡುವೆ ನಿಂತು ಕೂಗುತ್ತಾರೆ. ಸಂತೆಯಲ್ಲಿ ನಲವತ್ತು ರೂಪಾಯಿಯ ಕುಂಬಳಕಾಯಿ ಅಲ್ಲಿ ಸಾವಿರಕ್ಕೆ ಹೋಗುತ್ತದೆ, ಹಿಡಿದವನು ಮೀಸೆ ತಿರುವಿಕೊಂಡೇ ಮನೆಗೆ ಹೊರುತ್ತಾನೆ. ಕಾಯಿ ಪಲ್ಯೆ ಮಾತ್ರವಲ್ಲ, ಮೊದಲ ಮಂಗಳಾರತಿ ಎತ್ತುವಂಥ ಮರ್ಯಾದೆಗಳನ್ನೂ ಸವಾಲಿಗೆ ಇಡುವುದುಂಟು. ಬಳಗದ ಸಭೆಯಲ್ಲಿ ಬಸಪ್ಪನಿಗೆ ಹೊಳೆದದ್ದು ಅದೇ.

“ಹಳೇ ಗಂಟಿಯ ಕಡೇ ಸಲದ್ದನ್ನ ಸವಾಲಿಗೆ ಇಡೂಣ್ರಿ. ಶುಕ್ರವಾರ ನಾಕೂ ಇಪ್ಪತ್ತಕ್ಕ ಸವಾಲು ಹಿಡದಾವ ಬಾರಿಸಬೇಕು. ಶನಿವಾರದಿಂದ ಹೊಸಾ ಗಂಟಿ.”

ಮಧುಕೇಶ್ವರನ ಎದೆಯೊಳಗೆ ಆಗಲೇ ಢಣ್ ಎಂದಿತು.

ಊಟಕ್ಕೆ ಕೂತಾಗ ಮೆಲ್ಲಗೆ ಹೆಂಡತಿ ಶಾರದವ್ವನ ಕಿವಿಗೆ ಹಾಕಿದ. “ಡಬ್ಬಿಯಾಗ ಎಂಟು ಸಾವಿರ ಐತೆಲ್ಲ ಶಾರದಾ...”

ಶಾರದವ್ವ ರೊಟ್ಟಿ ಹಾಕುತ್ತಿದ್ದ ಕೈ ನಿಲ್ಲಿಸಿದಳು. “ಅದು ಮಷಿನ್ನಿಗೆ ಮೋಟಾರು ತರೂ ದುಡ್ಡು. ಮಂಡಿ ಸವದಾವು, ಪೆಡಲ್ ತುಳೀಬ್ಯಾಡ್ರಿ ಅಂತ ಡಾಕ್ಟ್ರು ಹೇಳಿಲ್ಲ?”

“ಅಷ್ಟೂ ಎಲ್ಲಿ ಬೇಕಾಗ್ತದ? ಐದ್ನೂರಕ್ಕ ಮುಗೀತದ ನೋಡು. ಗಂಟಿ ಬಾರಿಸಾಕ ಯಾರ್ ಬರ್ತಾರ, ಹುಚ್ಚರು?”

“ಒಬ್ಬರಂತೂ ಹೊಂಟಾರಲ್ಲ,” ಎಂದು ಶಾರದವ್ವ ಒಳಗೆ ಹೋದಳು.

ಶುಕ್ರವಾರ ಜನ್ಮದಲ್ಲೇ ಮೊದಲ ಸಲ ಮಧುಕೇಶ್ವರ ಮಕ್ಕಳಿಗಿಂತ ಮುಂಚೆ ಶಾಲೆಗೆ ಬಂದ. ಜಗಲಿಯ ಮೇಲೆ ಏಣಿ ಹಾಕಿ ಕರೆಂಟಿನ ಕೆಲಸದ ಸುನೀಲ ಹೊಸ ಗಂಟೆ ಕೂರಿಸುತ್ತಿದ್ದ. ಶಿರಸಿಯ ಹುಡುಗ, ಕೈಚುರುಕು, ಬಾಯಿ ಅದಕ್ಕಿಂತ ಚುರುಕು.

“ಮಧುಕೇಶಣ್ಣ, ಏಣಿ ಗಟ್ಟಿ ಹಿಡ್ಕಳಿ ಮಾರಾಯ್ರೆ. ನಾನು ಬಿದ್ರೆ ನನ್ನ ಅಂಗಿ ಹೊಲಿಯೋಕೆ ಮತ್ತೆ ನಿಮ್ಮ ಹತ್ರನೇ ಕೊಡ್ಬೇಕು, ಸಿಗೋದು ಮುಂದಿನ ವರ್ಷಕ್ಕೆ.”

ಮಧುಕೇಶ್ವರ ಏಣಿ ಹಿಡಿದ. ಅಲ್ಲಿಂದ ಹಳಿ ಎರಡೇ ಮಾರು. ಬೆಳಗಿನ ಬಿಸಿಲು ಬಿದ್ದು ಅದರ ಸವೆದ ಅಂಚು ಹೊಳೆಯುತ್ತಿತ್ತು. ಚನ್ನಬಸವ ಬಡಿದು ಬಡಿದು ಸವೆಸಿದ ಜಾಗ ಅದು. ಸಂಜೆ ಅಲ್ಲೇ ಹೊಡೆಯಬೇಕೋ, ಸ್ವಲ್ಪ ಕೆಳಗೋ ಎಂದು ಅವನು ಲೆಕ್ಕ ಹಾಕುತ್ತಿದ್ದ.

“ಟೈಮ್ ಎಷ್ಟಾತು ಹೇಳಿ. ನನ್ನ ಎರಡೂ ಕೈ ತುಂಬಿದೆ.”

ಮಧುಕೇಶ್ವರ ಕೈ ನೋಡಿಕೊಂಡ, ಮತ್ತೆ ಹಳಿ ನೋಡಿದ. “ಒಂಬತ್ತೂ ಇಪ್ಪತ್ತೈದು.”

ಸುನೀಲ ಗುಂಡಿ ಒತ್ತಿ ಒತ್ತಿ ವೇಳೆ ತುಂಬಿ ಕೆಳಗಿಳಿದ. “ಎಲ್ಲಾ ಆತು. ಒಳಗೆ ಸೆಲ್ ಅದೆ, ಕರೆಂಟ್ ಇರಲಿ ಬಿಡಲಿ ಟೈಮ್ ನಡೀತಾ ಇರ್ತದೆ. ಸ್ವಿಚ್ ಆಫೀಸ್ ರೂಮಿನ ಬೋರ್ಡಲ್ಲಿ ಅದೆ, ನಾಳೆ ಬೆಳಗಿನವರೆಗೆ ಯಾರೂ ಹಾಕೋದು ಬೇಡ. ಎಲ್ರಿಗೂ ಹೇಳ್ಬಿಡಿ, ಆತಾ?”

ಮಧುಕೇಶ್ವರ ಹ್ಞೂಂ ಎಂದ. ಯಾರಿಗೂ ಹೇಳಲಿಲ್ಲ. ಅವನ ತಲೆಯೊಳಗೆ ಕೊಡತಿ ತೂಗಾಡುತ್ತಿತ್ತು.

ಬಿಸಿಯೂಟದ ಪಾರ್ವತವ್ವ ಅಡುಗೆಕೋಣೆಯ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳು. ಅವಳ ಕಣ್ಣಿಗೆ ಬಿದ್ದದ್ದು ಊರ ಕಿವಿಗೆ ಬೀಳದೆ ಉಳಿದದ್ದಿಲ್ಲ.

“ಏನ್ ಮಧುಕೇಶಣ್ಣ, ಆ ಹಳಿಗೆ ದೃಷ್ಟಿ ತಗೀತೀಯೇನು? ಮುಂಜಾನಿಂದ ನೋಡಾಕತ್ತೀಯಲ್ಲ?”

“ಏನಿಲ್ಲ ಬಿಡವ್ವ,” ಎಂದು ಮಧುಕೇಶ್ವರ ನಾಚಿಕೊಂಡು ಹೊರಟ. ಅಲ್ಲಿಗೆ ಅವನ ಕೆಲಸ ಕೆಟ್ಟಿತು. ‘ಏನಿಲ್ಲ’ ಎಂದರೆ ಪಾರ್ವತವ್ವನ ಲೆಕ್ಕದಲ್ಲಿ ಏನೋ ಇದೆ ಎಂದೇ ಅರ್ಥ.

“ಟೇಲರ್ ಮಧುಕೇಶಣ್ಣ ಸುಮ್ಮಸುಮ್ಮನ ರೊಕ್ಕ ಬಿಚ್ಚೂ ಮನಶ್ಯಾ ಅಲ್ಲ,” ಎಂದು ನೀರಿಗೆ ಬಂದ ಹೆಂಗಸರಿಗೆ ಹೇಳಿದಳು. “ಎಲ್ಲೋ ಶಾಸ್ತ್ರ ಕೇಳ್ಯಾನ. ಕಡೇ ಗಂಟಿ ಬಾರಿಸಿದವರ ಅರ್ಧಕ್ಕ ನಿಂತ ಕೆಲಸ ಎಲ್ಲಾ ಆಗ್ತಾವಂತ ಇರಬೇಕು.”

ಅವಳು ಹೇಳುವಾಗ ಕೊನೆಗೊಂದು ‘ಇರಬೇಕು’ ಇತ್ತು. ಬಾವಿಕಟ್ಟೆಯಲ್ಲಿ ಅದು ಬಿದ್ದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಆ ಶಾಸ್ತ್ರ ಹೇಳಿದವರು ಯಲ್ಲಾಪುರದ ಕಡೆಯವರೆಂದೂ ಅವರ ಮಾತು ಈವರೆಗೆ ಸುಳ್ಳಾಗಿಲ್ಲವೆಂದೂ ಊರಿಗೆಲ್ಲ ಗೊತ್ತಾಗಿತ್ತು. ಹೊಂಡದಕೊಪ್ಪದಲ್ಲಿ ಅರ್ಧಕ್ಕೆ ನಿಂತ ಕೆಲಸ ಇಲ್ಲದ ಮನೆ ಯಾವುದು? ಒಬ್ಬನದು ಹದಿನೆಂಟು ವರ್ಷದ ಗಡಿ ತಕರಾರು, ಇನ್ನೊಬ್ಬನ ಮಗನಿಗೆ ಹೆಣ್ಣು ಸಿಗುತ್ತಿಲ್ಲ, ಮತ್ತೊಬ್ಬನ ಕೊಳವೆಬಾವಿ ಕಲ್ಲಿಗೆ ಸಿಕ್ಕು ನಿಂತಿದೆ. ಎಲ್ಲರೂ ಜೇಬು ತಟ್ಟಿಕೊಂಡು ಶಾಲೆಯ ಕಡೆ ಹೊರಟರು.

ಮೂರು ಗಂಟೆಗೆ ಸವಾಲು ಶುರುವಾಯಿತು. ಹೆಡ್ ಅಕ್ಕೋರು ಚೇತನಾ ಸಿದ್ದಾಪುರದವರು, ಶಿಸ್ತಿನವರು. “ಸವಾಲು ಅಂಗಳದಲ್ಲಿ ಮಾಡ್ಕೊಳ್ಳಿ, ಪಾಠ ನಿಲ್ಸೋದಿಲ್ಲ. ನಾಲ್ಕೂ ಇಪ್ಪತ್ತಕ್ಕೆ ಒಂದು ನಿಮಿಷ ಮೊದಲೂ ಮಕ್ಕಳನ್ನ ಬಿಡೋದಿಲ್ಲ” ಎಂದು ಮೊದಲೇ ಹೇಳಿಬಿಟ್ಟಿದ್ದರು. ಅವರು ಒಳಗೆ ಗುಣಾಕಾರ ಕಲಿಸುತ್ತಿದ್ದರೆ ಹೊರಗೆ ಬಸಪ್ಪನ ಮೈಕು ಅದನ್ನೇ ಮಾಡಿ ತೋರಿಸುತ್ತಿತ್ತು. ಕುಂಬಳಕಾಯಿ, ತೆಂಗಿನಕಾಯಿ, ಬಾಳೆಗೊನೆ ಮುಗಿದವು. ಟೆಂಪೊದ ನಾಲ್ಕು ಗಾಲಿಯಷ್ಟು ದುಡ್ಡು ಬಂದಿರಬಹುದು. ಉಳಿದ ಗಾಡಿ ಬರಬೇಕಾದದ್ದು ಗಂಟೆಯಿಂದ.

“ಕಡೇ ಗಂಟಿ! ಐದ್ನೂರು ರೂಪಾಯಿ ಸರಕಾರಿ ಸವಾಲು!” ಎಂದು ಬಸಪ್ಪ ಮೊದಲ ಬೆಲೆ ಕೂಗಿದ.

“ಆರ್ನೂರು,” ಎಂದ ಮಧುಕೇಶ್ವರ, ಎಲ್ಲಾ ಮುಗಿಯಿತು ಎನ್ನುವ ಧೈರ್ಯದಲ್ಲಿ.

“ಸಾವಿರ!” ಗಡಿ ತಕರಾರು ಕೂಗಿತು. “ಎರಡು!” ಕೊಳವೆಬಾವಿ. ಮದುವೆಯಾಗದ ಮಗ ತಾನೇ ಎದ್ದು ನಿಂತು “ಮೂರೂವರೆ!” ಎಂದ. ಮಧುಕೇಶ್ವರ ಕಕ್ಕಾಬಿಕ್ಕಿಯಾಗಿ ಹಿಂದೆ ಮುಂದೆ ನೋಡಿದ. ಇವರಿಗೆಲ್ಲ ಗಂಟೆಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂದದ್ದು ಎಲ್ಲಿಂದ? ಅವನು ಏರಿದಷ್ಟೂ ಅವರು ಏರಿದರು. ಟೇಲರನೇ ಬಿಡುತ್ತಿಲ್ಲ ಎಂದ ಮೇಲೆ ಶಾಸ್ತ್ರ ನಿಜವೇ ಇರಬೇಕಲ್ಲ! ಏಳು ಸಾವಿರಕ್ಕೆ ಬರುವಾಗ ಒಬ್ಬೊಬ್ಬರೇ ಸುಸ್ತಾಗಿ ಕೂತರು.

ಮಧುಕೇಶ್ವರ ಉಸಿರು ಬಿಡುವಷ್ಟರಲ್ಲಿ ಗೇಟಿನ ಹತ್ತಿರ ಟ್ರ್ಯಾಕ್ಟರು ನಿಂತಿತು. ಇಳಿದವನು ಚನ್ನಬಸವ. ಈಗ ಮೂವತ್ತು ಎಕರೆ ಗದ್ದೆ, ಎರಡು ಟ್ರ್ಯಾಕ್ಟರು, ಒಂದು ಹೊಟ್ಟೆ.

“ಏಳೂವರಿ,” ಎಂದ ನಿಂತಲ್ಲಿಂದಲೇ. “ಆ ಗಂಟಿ ನಂದು. ಏಳನೇ ಇಯತ್ತೆ ಮುಗಿಯೂತನಕ ನಾನ ಬಾರಿಸೀನಿ, ಕಡೇದೂ ನಂದ.”

ಮಧುಕೇಶ್ವರ ಅವನ ಹತ್ತಿರ ಹೋದ. “ನೀ ಸಾವಿರ ಸಲ ಬಾರಿಸೀಯಲ್ಲೋ ಚನ್ನಾ. ಒಂದ್ ಸಲ ನನಗ ಬಿಡೋ.”

“ಸವಾಲಿನಾಗ ಬಿಡೂ ಮಾತಿಲ್ಲ ಮಧುಕೇಶಾ. ಕೂಗೂದಷ್ಟ.”

“ಎಂಟು,” ಎಂದ ಮಧುಕೇಶ್ವರ. ಡಬ್ಬಿಯ ತಳ ಕಂಡಿತು.

“ಎಂಟೂವರಿ.”

ಬಸಪ್ಪ ಕೈ ಎತ್ತಿ, “ಎಂಟೂವರಿ ಸಾವಿರ ಒಂದ್ ಸಲ! ಎಂಟೂವರಿ ಸಾವಿರ ಎರಡ್—” ಎಂದ. ಅಷ್ಟಕ್ಕೆ ಮೈಕು ಸತ್ತಿತು. ಗುಣಾಕಾರಕ್ಕೆ ಅಡ್ಡ ಬರುತ್ತದೆಂದು ಅಕ್ಕೋರು ಮೆಲ್ಲಗೆ ಬಂದು ಆಫೀಸ್ ರೂಮಿನಲ್ಲಿ ಅದರ ಸ್ವಿಚ್ ತೆಗೆದು ಹೋಗಿದ್ದರು. ಅದು ಆಗ ಯಾರಿಗೂ ಗೊತ್ತಾಗಲಿಲ್ಲ.

“ಮೈಕಿಲ್ದ ಸವಾಲು ಮುಗಿಸಿದ್ರ ನಾಳೆ ಕೇಳಿಸಿಲ್ಲಂತ ತಕರಾರು ಬರ್ತದ,” ಎಂದ ಬಸಪ್ಪ. “ಮಧುಕೇಶಾ, ಹೆಂಗೂ ನಿಂದು ಮುಗೀತು, ಖಾಲಿ ಅದಿ. ಹೋಗಿ ಅದರ ಸ್ವಿಚ್ ನೋಡು.”

ನಿಂದು ಮುಗೀತು ಎಂಬ ಮಾತು ಹೊತ್ತುಕೊಂಡೇ ಮಧುಕೇಶ್ವರ ಆಫೀಸ್ ರೂಮಿಗೆ ನಡೆದ. ಬೋರ್ಡಿನಲ್ಲಿ ಆರು ಸ್ವಿಚ್ಚುಗಳು ಒಂದೇ ಸಾಲಿಗೆ ಇದ್ದವು. ಅವನ ಕಣ್ಣಲ್ಲಿ ನೀರು ತುಂಬಿ ಆರು ಹನ್ನೆರಡಾಗಿ ಕಾಣುತ್ತಿದ್ದವು. ಐವತ್ಮೂರು ವರ್ಷದ ಗಂಡಸು ಒಂದು ಕಬ್ಬಿಣದ ತುಂಡಿಗಾಗಿ ಅಳುತ್ತಾನೆಯೇ ಎಂದು ತನ್ನನ್ನೇ ಬೈದುಕೊಂಡು, ಯಾವುದೆಂದು ನೋಡದೆ ಅಂಗೈಯಿಂದ ಆರನ್ನೂ ಒತ್ತಿಬಿಟ್ಟ.

ಹೊರಗೆ ಮೈಕು ಗೊರ್ ಎಂದು ಜೀವ ಪಡೆಯಿತು. ಅದರಲ್ಲಿ ಮೊದಲು ಕೇಳಿದ್ದು ಬಸಪ್ಪನ ದನಿಯಲ್ಲ.

“ಒಂಬತ್ತು ಸಾವಿರ. ನಮ್ಮನಿಯವರ ಹೆಸರಿಲೆ.”

ಅದು ಶಾರದವ್ವನ ದನಿ. ಮಧುಕೇಶ್ವರ ಓಡಿ ಬಂದು ನೋಡಿದ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಹಿಳಾ ಸಂಘದಲ್ಲಿ ಕೂಡಿಟ್ಟ ಸಾವಿರ ಹಿಡಿದು, ಹೆಂಡತಿ ಮೈಕಿನ ಮುಂದೆ ನಿಂತಿದ್ದಳು. ಚನ್ನಬಸವ ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿದ. “ನಮ್ಮವ್ವನ ತವರೂರಿನಾಕಿ, ಅಕ್ಕ ಇದ್ದಂಗ. ಅಕ್ಕನ ಎದುರು ಕೂಗಂಗಿಲ್ಲ, ಬಿಟ್ಟೆ,” ಎಂದ.

“ಒಂದ್ ಸಲ, ಎರಡ್ ಸಲ, ಮೂರ್ ಸಲ!” ಚಪ್ಪಾಳೆ ಬಿತ್ತು. ಟೆಂಪೊ ಗ್ಯಾರಂಟಿಯಾಯಿತು.

“ಶಾರದಾ, ಮೋಟಾರು...” ಎಂದ ಮಧುಕೇಶ್ವರ.

“ಮೂವತ್ತು ವರ್ಷದಿಂದ ನೋಡೀನ್ರಿ,” ಎಂದಳು ಶಾರದವ್ವ, ಅವನ ಕಡೆ ನೋಡದೆ. “ನಾಕೂ ಇಪ್ಪತ್ತಾತಂದ್ರ ನಿಮ್ಮ ಮಷಿನ್ ನಿಲ್ತದ. ಒಳಗ ಕುಂತು ನಾನೂ ಕೈ ನಿಲ್ಲಸ್ತೀನಿ. ಹೋಗ್ರಿ, ಜೀವ ಸಮಾಧಾನ ಆಗೂವಂಗ ಬಾರಿಸಿ ಬರ್ರಿ.”

ಮಧುಕೇಶ್ವರ ಜಗಲಿ ಹತ್ತಿದ. ಇಡೀ ಊರು ಅಂಗಳದಲ್ಲಿ ನಿಂತಿತ್ತು. ಒಳಗೆ ಮಕ್ಕಳು ಪಾಟೀಚೀಲ ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಿಂದ ಟೇಲರ್ ಮಾಮನನ್ನೇ ನೋಡುತ್ತಿದ್ದರು. ಅವರ ಮೈಮೇಲಿದ್ದ ಅಂಗಿಗಳೆಲ್ಲ ಅವನು ಹೊಲಿದವು, ತಡವಾಗಿ ಹೊಲಿದವು. ಇನ್ನೊಂದು ಗಳಿಗೆಗೆ ಅವರೆಲ್ಲ ತಾನು ಎತ್ತಿದ ಕೈಗೆ ಹೋ ಎಂದು ಹೊರಗೆ ಬೀಳುತ್ತಾರೆ. ಆ ಗುಂಪಿನೊಳಗೆ, ಅರ್ಧ ಇಯತ್ತೆಗೆ ಶಾಲೆ ಬಿಟ್ಟ ಒಬ್ಬ ಹುಡುಗನೂ ಕೊನೆಗೊಮ್ಮೆ ಮನೆಗೆ ಓಡುತ್ತಾನೆ ಎಂದು ಅವನಿಗೆ ಅನಿಸಿತು. ಕೊಡತಿ ಕೈಗೆ ತೆಗೆದುಕೊಂಡ. ತಿಳಿದದ್ದಕ್ಕಿಂತ ಹಗುರವಾಗಿತ್ತು.

ಕೈಗಡಿಯಾರ ನೋಡಿದ. ನಾಲ್ಕೂ ಇಪ್ಪತ್ತು! ಕೊಡತಿ ಎತ್ತಿದ.

“ಮಧುಕೇಶಣ್ಣಾ, ನಿಲ್ಲಿ ನಿಲ್ಲಿ!” ತರಗತಿಯ ಬಾಗಿಲಲ್ಲಿ ಚೇತನಾ ಅಕ್ಕೋರು ಕೈ ಅಡ್ಡ ಹಿಡಿದಿದ್ದರು. “ಎಂತ ಅವಸರ ನಿಮಗೆ? ನಿಮ್ಮ ಗಡಿಯಾರ ಹತ್ತು ನಿಮಿಷ ಮುಂದೆ ಅಂತ ಊರಿಗೇ ಗೊತ್ತುಂಟು. ಈಗಿನ್ನೂ ನಾಲ್ಕೂ ಹತ್ತು. ಟೈಮ್ ಆದಾಗ ನಾನೇ ಹೇಳ್ತೆ, ತಡೀರಿ.”

ಅಂಗಳದ ತುಂಬ ನಗೆ ಎದ್ದಿತು. ಹೌದಲ್ಲ ಎಂದು ಮಧುಕೇಶ್ವರನೂ ನಕ್ಕ. ನಲವತ್ತು ವರ್ಷ ಕಾದವನಿಗೆ ಹತ್ತು ನಿಮಿಷ ಏನು ಮಹಾ? ಕೊಡತಿ ಕೆಳಗಿಳಿಸಿದ.

ಕೆಳಗಿಳಿಸಿದ್ದೇ ತಡ, ಅವನ ತಲೆಯ ಮೇಲೆ ಕರ್‍ರ್‍ರ್‍ ಎಂದು ಹೊಸ ಗಂಟೆ ಬಾಯಿ ಬಿಟ್ಟಿತು.

ಬೆಳಿಗ್ಗೆ ತುಂಬಿದ ವೇಳೆ ಅದು. ಮಧುಕೇಶ್ವರನ ಕೈಗಡಿಯಾರದಂತೆ ತುಂಬಿದ್ದು, ಮಧುಕೇಶ್ವರನ ಅಂಗೈಯಿಂದಲೇ ಚಾಲೂ ಆದದ್ದು. ಅದರ ಪಾಲಿಗೆ ಆಗ ಸರಿಯಾಗಿ ನಾಲ್ಕೂ ಇಪ್ಪತ್ತು. ಉದ್ದ ಗಂಟೆ, ಪೂರಾ ಅರ್ಧ ನಿಮಿಷ. ಮಕ್ಕಳಿಗೆ ಗಂಟೆ ಎಂದರೆ ಗಂಟೆ. ಅಕ್ಕೋರು ಅಡ್ಡ ಹಿಡಿದ ಕೈಯ ಕೆಳಗೆ ನುಗ್ಗಿ, ಮೂವತ್ತೊಂದೂ ಹೋ ಎಂದು ಅಂಗಳಕ್ಕೆ ಬಿದ್ದು, ಬಾಳೆಗೊನೆ ದಾಟಿ, ಟ್ರ್ಯಾಕ್ಟರು ಸುತ್ತಿ ಗೇಟಿನಾಚೆ ಓಡಿಹೋದವು. ಶಾಲೆ ಖಾಲಿಯಾಯಿತು.

“ಇದಕ್ಕೆ ಟೈಮ್ ಇಟ್ಟವರು ಯಾರು? ಸ್ವಿಚ್ ಹಾಕಿದವರು ಯಾರು?” ಎಂದರು ಅಕ್ಕೋರು. ಊರಿನ ಕಣ್ಣೆಲ್ಲ ಒಟ್ಟಿಗೇ ಮಧುಕೇಶ್ವರನ ಮಣಿಕಟ್ಟಿನ ಮೇಲೆ ಬಿದ್ದವು. ಅವನು ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ಈಗರ ಒಂದ್ ನಾಕ್ ಏಟು ಹೊಡೀಲೇನ್ರಿ?” ಎಂದು ಕೇಳಿದ, ಹುಡುಗನ ದನಿಯಲ್ಲಿ.

“ಬೇಡ ಮಾರಾಯ್ರೆ. ಬಿಟ್ಟ ಮೇಲೆ ಬಾರಿಸಿದ್ರೆ ಶಾಲೆಗೆ ಬೆಂಕಿ ಬಿತ್ತು ಅಂತ ಹೊಳೆಯಾಚೆ ಕೇರಿಯವ್ರು ಕೊಡ ಹಿಡಕೊಂಡು ಬರ್ತಾರೆ.”

ಬಸಪ್ಪ ಗಂಟಲು ಸರಿಮಾಡಿಕೊಂಡ. “ಸವಾಲು ಅಂದ್ರ ಸವಾಲು, ರೊಕ್ಕ ತಿರುಗಿ ಕೊಡಾಕ ಬರಂಗಿಲ್ಲಪಾ. ಆದ್ರ ಒಂದ್ ಮಾತು. ಹಳೇ ಗಂಟಿಯ ಕಡೇ ಸಲದ್ದು ಇನ್ನೂ ಉಳದೈತಲ್ಲ? ಮುಂದಿನ ವರ್ಷ ಟೆಂಪೊ ಡೀಸೆಲ್ಲಿಗೆ ಮತ್ತ ಸವಾಲಿಗೆ ಇಡೂಣು.”

“ಒಂಬತ್ತೂವರಿ,” ಎಂದ ಚನ್ನಬಸವ, ಟ್ರ್ಯಾಕ್ಟರು ಹತ್ತುತ್ತ.

ಶಾರದವ್ವ ಜಗಲಿ ಹತ್ತಿ ಬಂದು, ಗಂಡನ ಕೈಯಿಂದ ಗಡಿಯಾರ ಬಿಚ್ಚಿ, ಮುಳ್ಳನ್ನು ಹತ್ತು ನಿಮಿಷ ಹಿಂದೆ ತಿರುಗಿಸಿ ಮತ್ತೆ ಕಟ್ಟಿದಳು. “ಬರ್ರಿ, ಅರ್ಧ ಹೊಲಿದ ಲಂಗ ಅಲ್ಲೇ ಐತಿ,” ಎಂದು ಮುಂದೆ ನಡೆದಳು.

ಮಧುಕೇಶ್ವರ ನಲವತ್ತು ವರ್ಷದ ಹಿಂದೆ ಮಾಸ್ತರು ನಿಲ್ಲಿಸುತ್ತಿದ್ದ ಅದೇ ಹಳಿಯ ಕೆಳಗೆ, ಜಗಲಿಯ ಕಂಬಕ್ಕೆ ಒರಗಿ, ಖಾಲಿ ಅಂಗಳ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಗೆಲ್ಲ ನಿಂತದ್ದು ತಡವಾಗಿ ಬಂದದ್ದಕ್ಕೆ. ಇವತ್ತು ಮಾತ್ರ ಹತ್ತು ನಿಮಿಷ ಮುಂಚೆ ಬಂದದ್ದಕ್ಕೆ.